ಕೆಟ್ಟ ನೀರಿನ ಬಗ್ಗೆ ಕೇಳಿ: ಇಂಜಿನಿಯರ್ ಮೇಡಂ ಜೊತೆ ಪ್ರಶ್ನೋತ್ತರ

ಇಂಜಿನಿಯರ್: ಎಲ್ಲರಿಗೂ ನಮಸ್ಕಾರ. ಕಾರ್ಖಾನೆಗಳ ನೀರು ಶುದ್ಧ ಮಾಡುವ ಘಟಕಗಳಲ್ಲಿ ನನ್ನ ಕೆಲಸ. ಈ ಗುಂಪಿನಲ್ಲಿ ಬೆಂಗಳೂರಿನ ವೃಷಭಾವತಿ ಹೊಳೆಯ ದಂಡೆಯವರು, ಪೀಣ್ಯ ಕೈಗಾರಿಕಾ ಪ್ರದೇಶದವರು ಜಾಸ್ತಿ ಇದ್ದೀರಿ. ಸಂಜೆಯವರೆಗೆ ಪ್ರಶ್ನೆ ಹಾಕಿ. ನೀರಿನ ಬಣ್ಣ, ವಾಸನೆ, ಹತ್ತಿರ ಏನಿದೆ ಅನ್ನುವುದನ್ನು ಬರೆಯಿರಿ. ಸುಮ್ನೆ "ನೀರು ಕೆಟ್ಟಿದೆ" ಅಂದರೆ ಏನೂ ಹೇಳಲಾಗುವುದಿಲ್ಲ.

ಕೆಂಗೇರಿ ನಿವಾಸಿ: ಮೇಡಂ, ವೃಷಭಾವತಿ ಮತ್ತೆ ನದಿ ಆಗುತ್ತದಾ? ನಮ್ಮಮ್ಮ ಚಿಕ್ಕವರಿದ್ದಾಗ ಗಾಳಿ ಆಂಜನೇಯನ ಗುಡಿ ಹತ್ತಿರ ಇದೇ ನೀರಲ್ಲಿ ಕಾಲು ತೊಳೆದು ಒಳಗೆ ಹೋಗುತ್ತಿದ್ದರಂತೆ. ಲಂಡನ್ನಿನ ಥೇಮ್ಸ್ ಸರಿ ಮಾಡಿದ್ದಾರೆ ಅಲ್ವಾ?

ಇಂಜಿನಿಯರ್: ಆಗುತ್ತದೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪಬಾರದು. ಬಸವನಗುಡಿ ಕಡೆ ಹುಟ್ಟುವ ಈ ಹೊಳೆ ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ ಬೀಳುತ್ತದೆ. ಅಲ್ಲಿಂದ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಮಳೆ ಇಲ್ಲದ ದಿನ ಇದರಲ್ಲಿ ಹರಿಯುವುದು ಬಹುಪಾಲು ಮನೆಗಳ ಕೊಳಚೆ, ಜೊತೆಗೆ ಕಾರ್ಖಾನೆಗಳದ್ದು. ಎರಡೂ ಬೇರೆ ಬೇರೆ ಕಾಯಿಲೆ. ಕೊಳಚೆಗೆ ಗಾಳಿ ಕೊಟ್ಟರೆ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತದೆ. ಕ್ರೋಮಿಯಂ, ನಿಕಲ್, ಸೀಸವನ್ನು ಯಾವ ಬ್ಯಾಕ್ಟೀರಿಯಾನೂ ಇಲ್ಲವಾಗಿಸುವುದಿಲ್ಲ. ಅದು ತಳದ ಹೂಳಲ್ಲಿ ಕೂರುತ್ತದೆ, ಕಲಕಿದರೆ ಮತ್ತೆ ಏಳುತ್ತದೆ. ಮೊದಲು ಹೊಳೆಗೆ ಕೆಟ್ಟ ನೀರು ಬಿಡುವ ಪೈಪು ಮುಚ್ಚಬೇಕು. ಆಮೇಲೆ ಹೂಳಿನ ಪರೀಕ್ಷೆ. ಆಮೇಲೆ ಹೂಳೆತ್ತುವುದು, ಅದೂ ಎಲ್ಲಿ ಹಾಕುತ್ತೀರಿ ಅಂತ ತೀರ್ಮಾನ ಆದ ಮೇಲೆ. ಪೈಪು ಬಿಟ್ಟುಕೊಂಡು ಹೂಳೆತ್ತಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

1957ರಲ್ಲಿ ಲಂಡನ್ ಭಾಗದ ಥೇಮ್ಸ್ ಸತ್ತೇ ಹೋಗಿದೆ ಅಂದಿದ್ದರು. 1974ರಲ್ಲಿ ಅಲ್ಲಿ ಸಾಲ್ಮನ್ ಮೀನು ಸಿಕ್ಕಿತು. ನಡುವೆ ಅವರು ಮಾಡಿದ ಮುಖ್ಯ ಕೆಲಸ ಕೊಳಚೆ ಶುದ್ಧೀಕರಣ ಘಟಕಗಳನ್ನು ದೊಡ್ಡದು ಮಾಡಿದ್ದು. ನದಿಗೆ ಯಾವುದೋ ಪುಡಿ ಸುರಿದದ್ದಲ್ಲ.

ರಾಜಾಜಿನಗರ ಆಂಟಿ: ಮೇಡಂ ನನಗೆ ಬಂದ ಮೆಸೇಜ್ ಹಾಕ್ತಿದ್ದೇನೆ. "ಬೆಲ್ಲ 1 ಪಾಲು, ಹಣ್ಣಿನ ಸಿಪ್ಪೆ 3 ಪಾಲು, ನೀರು 10 ಪಾಲು. 90 ದಿನ ಮುಚ್ಚಿಡಿ. ಇದನ್ನು ಎಲ್ಲರೂ ರಾಜಕಾಲುವೆಗೆ ಸುರಿದರೆ ನದಿ ಶುದ್ಧ." ನಮ್ಮ ಮಹಿಳಾ ಸಂಘದವರು ಶುರು ಮಾಡೋಣ ಅಂತಿದ್ದಾರೆ.

ಇಂಜಿನಿಯರ್: ಆ ದ್ರಾವಣದಲ್ಲಿ ನೆಲ ಒರೆಸಿ, ತೊಂದರೆ ಇಲ್ಲ. ಕಾಲುವೆಗೆ ಬೇಡ. ಅದು ಹುಳಿ ಮತ್ತು ಸಕ್ಕರೆಯ ನೀರು. ಕೊಳೆಯುವಾಗ ನೀರಿನಲ್ಲಿರುವ ಚೂರುಪಾರು ಆಮ್ಲಜನಕವನ್ನೂ ತಿನ್ನುತ್ತದೆ. ಮೀನಿಗೆ ಉಸಿರಾಡಲು ಉಳಿಯುವುದೇ ಇಲ್ಲ.

ರೈತರ ಮಗಳು, ಬಿಡದಿ ಕಡೆ: ಮೇಡಂ, ನಮ್ಮದು ಕೆರೆ ನೀರಲ್ಲ, ತೋಟದ ಬೋರ್‌ವೆಲ್. ಎರಡು ತಿಂಗಳಿಂದ ನೀರು ತಿಳಿ ಹಳದಿ. ಕೆಸರಿಲ್ಲ, ವಾಸನೆ ಇಲ್ಲ, ನಿಂಬೆಹಣ್ಣಿನ ಷರಬತ್ತಿನ ಹಾಗೆ. ಸುಮಾರು 200 ಅಡಿ ದೂರದಲ್ಲಿ ಮೊದಲು ಲೋಹದ ಸಾಮಾನಿಗೆ ಹೊಳಪಿನ ಲೇಪ ಹಾಕುವ ಪ್ಲೇಟಿಂಗ್ ಷೆಡ್ ಇತ್ತು, ಮುಚ್ಚಿ ಮೂರು ವರ್ಷ. ಅದರ ಹಿಂದೆ ಒಂದು ಸತ್ತ ಬೋರ್‌ವೆಲ್ ಇದೆ. ಅಪ್ಪನ ಕೈಬೆರಳ ಸಂದಿಯಲ್ಲಿ ಹುಣ್ಣಾಗಿ ವಾಸಿ ಆಗುತ್ತಿಲ್ಲ. ಕಬ್ಬಿಣದ ಅಂಶ ಇರಬೇಕು, ಕುದಿಸಿ ಕುಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ.

ಇಂಜಿನಿಯರ್: ಮೊದಲು ಒಂದು ಮಾತು ಕೇಳಮ್ಮ. ಈ ಗಳಿಗೆಯಿಂದ ಆ ನೀರನ್ನು ಕುಡಿಯಬೇಡಿ, ಅಡುಗೆಗೆ ಬೇಡ, ಹಸುಗಳಿಗೂ ಬೇಡ. ಕುದಿಸಬೇಡಿ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಲೋಹ ಪಾತ್ರೆಯಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ.

ಈಗ ಒಂದು ಕೆಲಸ ಮಾಡಿ. ಬಣ್ಣವಿಲ್ಲದ ಗಾಜಿನ ಲೋಟಕ್ಕೆ ನೀರು ಹಿಡಿದು, ಹಿಂದೆ ಬಿಳಿ ಹಾಳೆ ಇಟ್ಟು, ರಾತ್ರಿಯೆಲ್ಲ ಹಾಗೇ ಬಿಡಿ. ಕಬ್ಬಿಣದ ನೀರು ಬರುವಾಗ ತಿಳಿಯಾಗಿರುತ್ತದೆ. ಗಾಳಿ ತಾಗಿದ ಮೇಲೆ ಕೆಂಪಗಾಗಿ ತಳದಲ್ಲಿ ತುಕ್ಕಿನ ಪುಡಿ ಕೂರುತ್ತದೆ. ನಿಮ್ಮದು ಬರುವಾಗಲೇ ಹಳದಿ ಅಂತೀರಿ. ಬೆಳಗಾದರೂ ಹಾಗೇ ತಿಳಿ ಹಳದಿ ಇದ್ದರೆ ನನಗೆ ಭಯ ಇರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂ ಲೋಹದ ವಿಷಕಾರಿ ರೂಪದ ಬಗ್ಗೆ. ಸ್ಕೂಟರ್ ಬಂಪರ್, ನಲ್ಲಿ, ಬೋಲ್ಟುಗಳಿಗೆ ಹೊಳಪು ಕೊಡುವ ತೊಟ್ಟಿಯಲ್ಲಿ ಇರುವುದು ಇದೇ. ಪೀಣ್ಯದ ಅಂತರ್ಜಲದಲ್ಲಿ ಇದು ಸಿಕ್ಕಿದೆ. ಇದು ನೀರಿನಲ್ಲಿ ಪೂರ್ತಿ ಕರಗುತ್ತದೆ, ಮಣ್ಣು ಹಿಡಿದಿಟ್ಟುಕೊಳ್ಳುವುದು ಕಡಿಮೆ. ಅದಕ್ಕೇ ಷೆಡ್ ಮುಚ್ಚಿ ವರ್ಷಗಳಾದ ಮೇಲೂ ನಿಧಾನಕ್ಕೆ ಪಕ್ಕದ ಬೋರ್‌ವೆಲ್ ತಲುಪುತ್ತದೆ. ಕುಡಿಯುವ ನೀರಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು. ಕಣ್ಣಿಗೆ ಹಳದಿ ಕಾಣುತ್ತಿದೆ ಅಂದರೆ ಅದು ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ. ಬೇರೆ ಕಾರಣವೂ ಇರಬಹುದು, ಅದನ್ನು ಪರೀಕ್ಷೆಯೇ ಹೇಳಬೇಕು. ಆದರೆ ಪರೀಕ್ಷೆ ಬರುವವರೆಗೆ ಕಾಯುತ್ತಾ ಕುಡಿಯಬೇಡಿ.

ನೀರು ಹಿಡಿಯುವುದು ಹೇಗೆ ಅಂದರೆ, ಮೋಟರ್ ಹತ್ತು ನಿಮಿಷ ಓಡಲಿ. ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿಸಿ. ಐಸ್ ಡಬ್ಬಿಯಲ್ಲಿಟ್ಟು 24 ಗಂಟೆಯೊಳಗೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಮುಟ್ಟಿಸಿ. ಹೆಕ್ಸಾವೇಲೆಂಟ್ ಬೇರೆ, ಒಟ್ಟು ಕ್ರೋಮಿಯಂ ಬೇರೆ, ಎರಡನ್ನೂ ಬರೆದು ಕೇಳಿ. ಹೆಕ್ಸಾವೇಲೆಂಟ್ ಬಾಟಲಿಗೆ ಆ್ಯಸಿಡ್ ಹಾಕಬಾರದು. ಪಂಚಾಯ್ತಿ ಕಿಟ್ಟಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ನೋಡುತ್ತಾರೆ. ಅದು ಸರಿ ಬಂದರೆ ನೀರು ಒಳ್ಳೆಯದು ಅಂತ ತಿಳಿಯಬೇಡಿ.

ಅಪ್ಪನನ್ನು ಚರ್ಮದ ವೈದ್ಯರಿಗೆ ತೋರಿಸಿ, ಈ ನೀರಿನ ಮಾತನ್ನೂ ಹೇಳಿ. ಷೆಡ್ಡಿನವರು ಕೆಟ್ಟ ನೀರನ್ನು ಆ ಸತ್ತ ಬೋರ್‌ವೆಲ್ಲಿಗೇ ಬಿಟ್ಟಿರಬಹುದು, ಅದರ ಫೋಟೋ ತೆಗೆದಿಡಿ. ಬಾಯಿಯ ಸುತ್ತ ಹಳದಿ ಅಥವಾ ಹಸಿರು ಕಲೆ ಇದೆಯಾ ನೋಡಿ, ಮುಟ್ಟಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಬರೆದು ಸ್ವೀಕೃತಿ ತಗೊಳ್ಳಿ. ಬಾಯಿಮಾತಲ್ಲಿ ಹೇಳಿ ಬರಬೇಡಿ.

ಮಾಗಡಿ ರಸ್ತೆ ಸದಸ್ಯ: ನುಗ್ಗೆ ಬೀಜದ ಪುಡಿ ಹಾಕಿದರೆ ಕ್ರೋಮಿಯಂ ತಳಕ್ಕೆ ಹೋಗುತ್ತದೆ. ನಾನೇ ವಿಡಿಯೋ ನೋಡಿದ್ದೇನೆ. ಪಾಪ ಅವರಿಗೆ ಯಾಕೆ ಲ್ಯಾಬ್ ಖರ್ಚು?

ಇಂಜಿನಿಯರ್: ನುಗ್ಗೆ ಬೀಜ ಕದಡಿದ ನೀರಿನ ಮಣ್ಣನ್ನು ಕೂರಿಸುತ್ತದೆ. ಈ ನೀರಿನಲ್ಲಿ ಮಣ್ಣೇ ಇಲ್ಲ. ಅವರ ಮನೆಯವರ ಆರೋಗ್ಯದ ಮೇಲೆ ವಿಡಿಯೋ ಪ್ರಯೋಗ ಬೇಡ.

ತಾವರೆಕೆರೆ ಸದಸ್ಯ: ತಾಮ್ರದ ಬಿಂದಿಗೆಯಲ್ಲಿ ರಾತ್ರಿ ಇಟ್ಟರೆ?

ಇಂಜಿನಿಯರ್: ಹೋಗುವುದಿಲ್ಲ.

ಇನ್ನೊಬ್ಬ ಸದಸ್ಯ: ಪಟಿಕ ಹಾಕಬಹುದಾ ಮೇಡಂ?

ಇಂಜಿನಿಯರ್: ಹೋಗುವುದಿಲ್ಲ. ಮೇಲೆ ಓದಿ.

ಪೀಣ್ಯ ಷೆಡ್ ಮಾಲೀಕ: ಎಲ್ಲಕ್ಕೂ ಪ್ಲೇಟಿಂಗ್‌ನವರನ್ನೇ ಬೈಯುತ್ತೀರಿ. ನಮ್ಮ ಷೆಡ್ಡಲ್ಲಿ ನೀರಿಗೆ ಸುಣ್ಣ ಹಾಕಿಯೇ ಬಿಡುತ್ತೇವೆ.

ಇಂಜಿನಿಯರ್: ಬರೀ ಸುಣ್ಣನಾ? ಸರ್, ಹೆಕ್ಸಾವೇಲೆಂಟ್ ಕ್ರೋಮಿಯಂ ಬರೀ ಸುಣ್ಣಕ್ಕೆ ಕೂರುವುದೇ ಇಲ್ಲ. ಮೊದಲು ಆ್ಯಸಿಡ್ ಹಾಕಿ ಪಿಎಚ್ (ನೀರಿನ ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 2 ಮತ್ತು 3ರ ನಡುವೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಎಂಬ ರಾಸಾಯನಿಕ ಹಾಕಬೇಕು. ಹಳದಿ ಹೋಗಿ ಹಸಿರು ಬರುತ್ತದೆ. ಆಗ ಅದು ಟ್ರೈವೇಲೆಂಟ್, ಅಂದರೆ ವಿಷ ಕಡಿಮೆ ಇರುವ ಕ್ರೋಮಿಯಂ ಆಗಿರುತ್ತದೆ. ಆಮೇಲೆ ಸುಣ್ಣ ಹಾಕಿ ಪಿಎಚ್ 8.5ರ ಹತ್ತಿರ ತಂದರೆ ಹಸಿರು ಕೆಸರು ಕೂರುತ್ತದೆ. ಆ ಕೆಸರು ಅಪಾಯಕಾರಿ ತ್ಯಾಜ್ಯ. ಅದನ್ನು ಅಧಿಕೃತ ಜಾಗಕ್ಕೇ ಕಳಿಸಬೇಕು, ಖಾಲಿ ಸೈಟಿಗಲ್ಲ. ಇನ್ನೊಂದು ಮಾತು, ನಿಮ್ಮಲ್ಲಿ ಸಯನೈಡ್ ತೊಟ್ಟಿಯೂ ಇದ್ದರೆ ಆ ನೀರು ಈ ಆ್ಯಸಿಡ್ ನೀರಿಗೆ ಒಂದು ಮಗ್ಗಿನಷ್ಟೂ ಸೇರಬಾರದು. ವಿಷದ ಅನಿಲ ಬರುತ್ತದೆ, ಅಲ್ಲಿ ನಿಂತ ಹುಡುಗ ಸಾಯುತ್ತಾನೆ. ಎರಡು ಪೈಪು, ಎರಡು ಟ್ಯಾಂಕ್. ದಯವಿಟ್ಟು ಇವತ್ತೇ ಹೋಗಿ ನೋಡಿ.

ಕೆಂಗೇರಿ ನಿವಾಸಿ: ನೋಡಿದಿರಾ! ಇಂಥವರಿಂದಲೇ ನದಿ ಹಾಳಾಗಿದ್ದು. ತಮಿಳುನಾಡಿನ ತಿರುಪ್ಪೂರಿನ ಹಾಗೆ ಬೀಗ ಹಾಕಿಸಬೇಕು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕಗಳನ್ನೆಲ್ಲ ಮುಚ್ಚಿಸಿತ್ತು.

ಪೀಣ್ಯ ಷೆಡ್ ಮಾಲೀಕ: ನನ್ನ ಷೆಡ್ಡಲ್ಲಿ ಎಂಟು ಜನ ದುಡಿಯುತ್ತಾರೆ. ನಿಮ್ಮ ಅಪಾರ್ಟ್‌ಮೆಂಟ್ ಕೊಳಚೆ ಎಲ್ಲಿಗೆ ಹೋಗುತ್ತದೆ ಸ್ವಾಮಿ? ಮೇಡಂ ಮೇಲೇ ಹೇಳಿದ್ದಾರೆ, ಬಹುಪಾಲು ನಿಮ್ಮದೇ.

ಕೆಂಗೇರಿ ನಿವಾಸಿ: ಕೊಳಚೆ ಕುಡಿದು ಯಾರ ಕೈಯಲ್ಲೂ ತೂತು ಬೀಳುವುದಿಲ್ಲ.

ಪೀಣ್ಯ ಷೆಡ್ ಮಾಲೀಕ: ನಿಮ್ಮ ಸ್ಕೂಟರಿನ ಹೊಳಪು ಬೇಕು, ನಾವು ಮಾತ್ರ ಬೇಡ. ಮಾತು ನೆಟ್ಟಗಿರಲಿ.

ತಾವರೆಕೆರೆ ಸದಸ್ಯ: ತಿರುಪ್ಪೂರಲ್ಲಿ ಮುಚ್ಚಿ ಏನಾಯಿತು? ಕೆಲಸ ಹೋಗಿದ್ದು ಬಡವರದ್ದು. ಆ ಬಣ್ಣದ ನೀರು ಸೇರುತ್ತಿದ್ದ ಒರತುಪಾಳಯಂ ಅಣೆಕಟ್ಟಿನ ಕೆಳಗಿನ ಹೊಲಗಳು ಸರಿಯಾದವಾ?

ಕೆಂಗೇರಿ ನಿವಾಸಿ: ಆ ರೈತರೂ ಬಡವರೇ. ಅವರೇ ಕೋರ್ಟಿಗೆ ಹೋಗಿದ್ದು. ಗೊತ್ತಿಲ್ಲದೆ ಮಾತಾಡಬೇಡಿ.

ಬೈರಮಂಗಲ ರೈತ: ಮೇಡಂ, ಈ ಜಗಳ ಬಿಡಿ. ಕೆರೆ ಕಾಲುವೆ ನೀರಲ್ಲಿ ಬೇಬಿ ಕಾರ್ನ್, ಹುಲ್ಲು ಬೆಳೆಯುತ್ತೇವೆ. ಸೊಪ್ಪು ಹಾಕಬಹುದಾ?

ಇಂಜಿನಿಯರ್: ಸೊಪ್ಪು, ಮೂಲಂಗಿ, ಗೆಡ್ಡೆ ಬೇಡ. ಎಲೆ ಮತ್ತು ಬೇರು ಲೋಹ ಎಳೆದುಕೊಳ್ಳುತ್ತವೆ. ಹೂವು, ಮರದ ಬೆಳೆ ವಾಸಿ. ಹುಲ್ಲಿನ ಮಾದರಿಯನ್ನೂ ಪರೀಕ್ಷೆಗೆ ಕೊಡಿ, ಹಸು ತಿನ್ನುವುದು ಅದನ್ನೇ ಅಲ್ವಾ.

ರಾಜಾಜಿನಗರ ಆಂಟಿ: ಅಂತರಗಂಗೆ ಗಿಡ ಲೋಹ ಹೀರುತ್ತದೆ ಅಂತ ಇನ್ನೊಂದು ಮೆಸೇಜ್ ಬಂದಿದೆ. ಅದನ್ನಾದರೂ ಬೆಳೆಸಬಹುದಾ?

ಇಂಜಿನಿಯರ್: ಹೀರುತ್ತದೆ, ನಿಜ. ಕೊಳೆತಾಗ ಮತ್ತೆ ನೀರಿಗೇ ಬಿಡುತ್ತದೆ. ಕಿತ್ತು ತೆಗೆದು ಸರಿಯಾದ ಜಾಗಕ್ಕೆ ಸಾಗಿಸುವವರು ಇದ್ದರೆ ಮಾತ್ರ ಉಪಯೋಗ. ಕೆರೆ ತುಂಬ ಬಿಟ್ಟು ಮರೆತರೆ ಬೆಳಕು, ಗಾಳಿ ಎರಡೂ ಇಲ್ಲ. ಫಾರ್ವರ್ಡ್ ಕಳಿಸುವವರಿಗೆಲ್ಲ ಕೈಮುಗಿದು ಹೇಳುತ್ತೇನೆ. ಇಲ್ಲಿ ಒಂದು ಮನೆಯವರು ಆ ನೀರು ಕುಡಿದಿದ್ದಾರೆ. ನಿಮ್ಮ ಮೆಸೇಜ್ ನಂಬಿ ಇನ್ನೂ ಒಂದು ತಿಂಗಳು ಕುಡಿದರೆ ಹೊಣೆ ಯಾರು? ಇನ್ನು ಮನೆಮದ್ದಿನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಮಾಗಡಿ ರಸ್ತೆ ಸದಸ್ಯ: ಓದಿದವರಿಗೆ ನಮ್ಮ ಹಿರಿಯರ ಜ್ಞಾನ ಅಂದರೆ ಸದರ.

ಬೆಳ್ಳಂದೂರು ಸದಸ್ಯ: ನಮ್ಮ ಕೆರೆ ನೊರೆ ಬಗ್ಗೆ ಮಧ್ಯಾಹ್ನದಿಂದ ಕೇಳುತ್ತಿದ್ದೇನೆ. ಯಾರೂ ಉತ್ತರಿಸಿಲ್ಲ.

ಪೀಣ್ಯ ಷೆಡ್ ಮಾಲೀಕ: ಮೇಡಂ, ಷೆಡ್ಡಿಗೆ ಬಂದೆ. ಎರಡೂ ಪೈಪು ಒಂದೇ ಟ್ಯಾಂಕಿಗೆ ಬೀಳುತ್ತಿವೆ.

ಇಂಜಿನಿಯರ್: ಆ್ಯಸಿಡ್ ಲೈನ್ ವಾಲ್ವ್ ಈಗಲೇ ಮುಚ್ಚಿ. ಟ್ಯಾಂಕಿಗೆ ಏನನ್ನೂ ಸುರಿಯಬೇಡಿ. ಹುಡುಗರನ್ನು ಹೊರಗೆ ಕಳಿಸಿ, ನೀವೂ ಹೊರಗೆ ಬನ್ನಿ, ಬಾಗಿಲು ತೆರೆದಿಡಿ. ನಂಬರ್ ಕೊಟ್ಟಿದ್ದೇನೆ, ಹೊರಗೆ ನಿಂತು ಫೋನ್ ಮಾಡಿ.

ರೈತರ ಮಗಳು, ಬಿಡದಿ ಕಡೆ: ಮೇಡಂ, ಬೆಳಿಗ್ಗೆ ಆರು ಗಂಟೆಗೆ ನೋಡಿದೆ. ಲೋಟದ ತಳದಲ್ಲಿ ಏನೂ ಕೂತಿಲ್ಲ. ಹಳದಿ ಹಾಗೇ ಇದೆ. ಆ ಬೋರ್‌ವೆಲ್ ಬಾಯಿಯ ಸಿಮೆಂಟಿನ ಮೇಲೂ ಹಳದಿ ಕಲೆ ಇದೆ, ಫೋಟೋ ಹಾಕಿದ್ದೇನೆ.

ಇಂಜಿನಿಯರ್: ನೋಡಿದೆ. ಬಾಟಲಿ ತುಂಬಿಸಿಕೊಂಡು ಮೊದಲ ಬಸ್ಸಿಗೇ ಹೊರಡಿ. ಪಕ್ಕದ ತೋಟದವರಿಗೂ ಹೇಳಿ, ಅವರದ್ದೂ ಒಂದು ಬಾಟಲಿ ತನ್ನಿ.