ಕೇತಿ ಕಣಿವೆಯಲ್ಲಿ ಆಲೂಗಡ್ಡೆ ಇಳುವರಿ ಅರ್ಧಕ್ಕೆ ಇಳಿದಿದೆ, ಅನುಭವಸ್ಥರು ಹೇಳಿ

ಕೇತಿಯ ರೈತ: ನೀಲಗಿರಿಯಲ್ಲಿ 60 ಸೆಂಟ್ (ನೂರು ಸೆಂಟ್ ಒಂದು ಎಕರೆ) ಇಳಿಜಾರು ಹೊಲ, ಕುಫ್ರಿ ಜ್ಯೋತಿ ತಳಿ. ಒಂದು ಮೂಟೆ ಬಿತ್ತಿದರೆ ಹತ್ತು ಬರುತ್ತಿತ್ತು, ಈಗ ಐದು ದಾಟುವುದಿಲ್ಲ. ತಳಿ ಬದಲಿಸಲೇ, ಕ್ಯಾರೆಟ್‌ ಹಾಕಲೇ?

ತೂನೇರಿ: ನನ್ನ ಗಿಡಗಳೂ ಕುಳ್ಳಾಗಿ, ಮಧ್ಯಾಹ್ನದ ಬಿಸಿಲಿಗೆ ಬಾಡುತ್ತಿದ್ದವು. ಮೂರು ವರ್ಷ ಗೊಬ್ಬರ ಸುರಿದೆ. ಕೊನೆಯ ಬೆಳೆಯ ಲೆಕ್ಕ ಇಂದಿಗೂ ಬಾಯಿಪಾಠ: ಹತ್ತು ಮೂಟೆ ಬೀಜಕ್ಕೆ 24,000, ಕೋಳಿಗೊಬ್ಬರ 9,500, ಅಂಗಮಾರಿಗೆ ಆರು ಸಲ ಔಷಧಿ 7,200, ಕೂಲಿ 21,000, ಮೆಟ್ಟುಪಾಳ್ಯಕ್ಕೆ ಲಾರಿ ಬಾಡಿಗೆ 3,300. ಒಟ್ಟು 65,000. ಕೈಗೆ ಬಂದದ್ದು 41,000. ಬೇರು ಕಿತ್ತು ನೋಡಿದಾಗ ಸಾಸಿವೆಗಿಂತ ಸಣ್ಣ ಹಳದಿ ಮಣಿಗಳು ಅಂಟಿದ್ದವು. ಬೇರಿಗೆ ಅಂಟಿ ರಸ ಹೀರುವ ದುಂಡುಹುಳು (ನೆಮಟೋಡ್)! 1961ರಲ್ಲೇ ನಮ್ಮ ಬೆಟ್ಟದಲ್ಲಿ ಪತ್ತೆಯಾದ ಪಿಡುಗು. ಅದರ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯುವುದಿಲ್ಲ. ಎರಡು ವರ್ಷ ಕೋಸು, ಬೆಳ್ಳುಳ್ಳಿ ಬೆಳೆದು, ಆಮೇಲೆ ಹುಳು ತಡೆಯುವ ಕುಫ್ರಿ ಸ್ವರ್ಣ ಹಾಕಿದೆ. ಈಗ ಒಂದಕ್ಕೆ ಒಂಬತ್ತು.

ಕೋತಗಿರಿ: ಎರಡು ವರ್ಷ ಬಿಡಿ ಎನ್ನುವುದು ನಾಲ್ಕು ಎಕರೆ ಇದ್ದವರ ಮಾತು. ನಲವತ್ತು ಸೆಂಟ್‌ನವನು ನಾನು. ಸ್ವರ್ಣದ ಬೀಜಕ್ಕೆ ನಾಲ್ಕು ಸಲ ಅಲೆದು ಎರಡೇ ಮೂಟೆ ತಂದೆ. ಬೇಸತ್ತು ಕ್ಯಾರೆಟ್‌ಗೆ ಇಳಿದೆ. ಕೀಳಿಸಲು, ತೊಳೆಸಲು, ಹೊರಿಸಲು ಕೊಟ್ಟು ಮುಗಿಸುವಷ್ಟರಲ್ಲಿ ಮಂಡಿಯಲ್ಲಿ ದರ ಕುಸಿಯಿತು. ಉಳಿದ ಅರ್ಧವನ್ನು ಒಂದೇ ರಾತ್ರಿ ಕಾಟಿಗಳು (ಕಾಡುಕೋಣಗಳು) ತುಳಿದವು. ಆದರೂ ಆಲೂಗಡ್ಡೆಗೆ ಮರಳುವುದಿಲ್ಲ.

ತೂನೇರಿ: ನಾಲ್ಕು ಎಕರೆ ಎಂದು ನಿಮಗೆ ಹೇಳಿದವರು ಯಾರು? ನನ್ನದು 70 ಸೆಂಟ್. ಮಗಳ ಶುಲ್ಕಕ್ಕೆ ಎಮ್ಮೆ ಮಾರಿ ಆ ಎರಡು ವರ್ಷ ತಳ್ಳಿದ್ದೇನೆ.

ಕೆಳಗಿನ ಹೊಲದವನು: ನನ್ನ ಮೇಲಿನ ಹೊಲದವರು ಇಳಿಜಾರಿನ ಉದ್ದಕ್ಕೇ ಸಾಲು ಹೊಡೆಯುತ್ತಾರೆ. ಪ್ರತಿ ಮಳೆಗೂ ಅವರ ಮಣ್ಣು, ಆ ಮಣ್ಣಿನಲ್ಲಿ ಹುಳುವಿನ ಮೊಟ್ಟೆ, ಎರಡೂ ನನ್ನ ಹೊಲಕ್ಕೆ! ಕಲ್ಲಿನ ಒಡ್ಡಿಗೆ 18,500 ಸುರಿದೆ, ಅಕ್ಟೋಬರ್‌ನಲ್ಲಿ ಅದೂ ಕೊಚ್ಚಿಹೋಯಿತು. ನಾನೊಬ್ಬನೇ ಬೆಳೆ ಬದಲಿಸಿ ಏನು ಪ್ರಯೋಜನ?

ಕೋತಗಿರಿ: ನಾನೂ ಉದ್ದಕ್ಕೇ ಹೊಡೆಯುವವನು. ಅಡ್ಡಸಾಲಿನಲ್ಲಿ ನೀರು ನಿಂತು ನನ್ನ ಗಡ್ಡೆ ಕೊಳೆತಾಗ ಯಾರೂ ಬಂದು ಕೇಳಲಿಲ್ಲ.

ಕೆಳಗಿನ ಹೊಲದವನು: ಅಡ್ಡಸಾಲಿಗೆ ಸ್ವಲ್ಪ ಓರೆ ಕೊಟ್ಟು, ತುದಿಯಲ್ಲಿ ಹುಲ್ಲು ಬೆಳೆಸಿದ ಕಾಲುವೆ ಬಿಟ್ಟಿದ್ದರೆ ನೀರು ನಿಲ್ಲುತ್ತಿರಲಿಲ್ಲ. ಅಷ್ಟು ಜಾಗ ಬಿಡಲು ನಿಮಗೆ ಮನಸ್ಸಿಲ್ಲ.

ಕೋತಗಿರಿ: ನಲವತ್ತು ಸೆಂಟ್‌ನಲ್ಲಿ ಕಾಲುವೆಗೆ ಎಷ್ಟು ಬಿಡಲಿ, ನೀವೇ ಅಳೆದು ಹೇಳಿ.

ತೂನೇರಿ: ಕೇತಿಯವರೇ, ಮೊದಲು ಬೇರು ಕಿತ್ತು ನೋಡಿ. ಇವರ ಜಗಳ ಈ ಮಳೆಗಾಲಕ್ಕೆ ಮುಗಿಯುವುದಿಲ್ಲ.