ಪದಚರ್ಚೆ: ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ‘ಸೀಸನ್’ಗೆ ಏನನ್ನೋಣ? (ತುರ್ತು)

ಹನುಮಂತನಗರದಿಂದ:

ಗೆಳೆಯರೇ, ನಾಳೆ ಸಂಜೆಯೊಳಗೆ ಒಂದು ಪದ ಬೇಕು. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಬಗ್ಗೆ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 2018ರ ಮಾರ್ಚಿನಲ್ಲಿ ಊರೆಲ್ಲ ನಗುವಂಥ ಸೋಲು, 2019ರ ಏಪ್ರಿಲಿನಲ್ಲಿ ಚಾಂಪಿಯನ್ ಪಟ್ಟ. ಕತೆ ಸೊಗಸಾಗಿದೆ. ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ.

‘2018–19ನೇ ಸೀಸನ್’ ಅಂತ ಬರೆದಿದ್ದೆ. ಸಂಪಾದಕ ಮೇಷ್ಟ್ರು ಅದನ್ನು ಹೊಡೆದು ಹಾಕಿ ಕೆಂಪು ಇಂಕಿನಲ್ಲಿ ‘ಋತು’ ಅಂತ ಬರೆದಿದ್ದಾರೆ. ‘ಪುರುಷರ ತಂಡದ ಋತು’ ಅಂತ ಅಚ್ಚಾದರೆ ಹಾಸ್ಟೆಲ್ ಹುಡುಗರು ಸುಮ್ನೆ ಬಿಡ್ತಾರಾ?

ಅಲ್ಲಿ ಸೀಸನ್ ಅಂದರೆ ನವೆಂಬರಿನಿಂದ ಏಪ್ರಿಲ್ ಮೊದಲ ದಿನಗಳವರೆಗೆ. ಮೊದಲು ಮೂವತ್ತರ ಆಸುಪಾಸು ಪಂದ್ಯ, ಆಮೇಲೆ ಕಾನ್ಫರೆನ್ಸಿನ (ಅಂದರೆ ತಮ್ಮ ಗುಂಪಿನ ಕಾಲೇಜುಗಳ) ಟೂರ್ನಿ, ಕೊನೆಗೆ ರಾಷ್ಟ್ರೀಯ ಟೂರ್ನಿ. ಇಷ್ಟೂ ಸೇರಿ ಒಂದು ಸೀಸನ್. ಜೊತೆಗೆ ಸೀಡ್ (ಟೂರ್ನಿಗೆ ಮೊದಲು ತಂಡಕ್ಕೆ ಕೊಡುವ ಸ್ಥಾನ), ಕಾನ್ಫರೆನ್ಸ್, ಫ್ರೀ ಥ್ರೋ (ಫೌಲ್ ಆದಾಗ ಸಿಗುವ ಎಸೆತ), ಇವಕ್ಕೂ ಏನಾದರೂ ಹೇಳಿ. ಚಾಮರಾಜಪೇಟೆಯ ಪ್ರೆಸ್ಸಿನವರು ಪುಟ ಕಟ್ಟಿಕೊಂಡು ಕಾಯುತ್ತಿದ್ದಾರೆ.

ಬಸವನಗುಡಿಯಿಂದ:

ಆವೃತ್ತಿ. ಪತ್ರಿಕೆ ಓದುವ ಅಭ್ಯಾಸ ಇದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಐಪಿಎಲ್ 12ನೇ ಆವೃತ್ತಿ ಅಂತ ಬರೆದು ಬರೆದು ನಮ್ಮ ಡೆಸ್ಕಿನವರ ಬೆರಳು ಸವೆದಿದೆ. ಸೀಡ್‌ಗೆ ಶ್ರೇಯಾಂಕ. ಟೆನಿಸ್ ವರದಿಯಿಂದ ಬಂದದ್ದು, ಗಟ್ಟಿಯಾಗಿ ನಿಂತಿದೆ. ಫ್ರೀ ಥ್ರೋ ಹಾಗೇ ಬಿಡಿ.

ಹನುಮಂತನಗರದಿಂದ:

ಸರ್, ಆವೃತ್ತಿ ಟೂರ್ನಿಗೆ ಸರಿ, ತಂಡಕ್ಕೆ ಹೇಗೆ ಕೂರುತ್ತದೆ? ಐಪಿಎಲ್‌ನ 12ನೇ ಆವೃತ್ತಿ ಅನ್ನಬಹುದು. ಆರ್‌ಸಿಬಿಯ 12ನೇ ಆವೃತ್ತಿ ಅಂದರೆ ತಂಡವನ್ನೇ ಹನ್ನೆರಡನೇ ಸಲ ಅಚ್ಚು ಹಾಕಿದ ಹಾಗೆ ಕೇಳುತ್ತದೆ. ನನ್ನ ಲೇಖನ ಟೂರ್ನಿಯ ಮೇಲಲ್ಲ, ತಂಡದ ಮೇಲೆ.

ಶ್ರೇಯಾಂಕ ಒಪ್ಪಿದೆ. ಆದರೆ ಅಲ್ಲೊಂದು ತೊಡಕಿದೆ. ಟೂರ್ನಿಯನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲೂ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ. ಅಂದರೆ ಒಂದೇ ವರ್ಷ ನಾಲ್ಕು ತಂಡಗಳಿಗೆ ಅಗ್ರ ಶ್ರೇಯಾಂಕ. ಇದನ್ನು ವಿವರಿಸದಿದ್ದರೆ ಓದುಗರಿಗೆ ಗೊಂದಲ. ವಿವರಿಸಲೇಬೇಕು, ಯಾಕಂದರೆ ಕತೆಯ ಜೀವವೇ ಅಲ್ಲಿದೆ. 1985ರಲ್ಲಿ 64 ತಂಡಗಳಾದ ಮೇಲೆ ಒಂದನೇ ಶ್ರೇಯಾಂಕದವರು ಹದಿನಾರನೆಯವರ ಮೇಲೆ 135 ಸಲ ಆಡಿ 135 ಸಲವೂ ಗೆದ್ದಿದ್ದರು. 2018ರ ಮಾರ್ಚ್ 16ರಂದು ಒಂದನೇ ಶ್ರೇಯಾಂಕದ ವರ್ಜೀನಿಯಾ ಸೋತಿತು. ಎದುರಿದ್ದದ್ದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆಯ ತಂಡ. ಅರ್ಧ ಆಟಕ್ಕೆ 21–21 ಸಮ, ಮುಗಿದಾಗ 74–54. ಇಪ್ಪತ್ತು ಪಾಯಿಂಟಿನ ಸೋಲು!

ಮಲ್ಲೇಶ್ವರದಿಂದ:

ಋತು, ಆವೃತ್ತಿ, ಶ್ರೇಯಾಂಕ. ಮೂರಕ್ಕೆ ಮೂರೂ ಸಕ್ಕದದವು, ಅಂದರೆ ಸಂಸ್ಕೃತದವು. ಇಂಗ್ಲಿಶಿನ ಮನೆಯಿಂದ ಹೊರಟು ಸಕ್ಕದದ ಮನೆ ಹೊಕ್ಕರೆ ಅದು ಕನ್ನಡಕ್ಕೆ ಬಂದಂತೆ ಆಗುವುದಿಲ್ಲ. ಕಬ್ಬಿಗ ಅಂಡಯ್ಯ 13ನೇ ನೂರೇಡಿನಲ್ಲೇ ಇಡೀ ಕಬ್ಬವನ್ನು ತತ್ಸಮಗಳಿಲ್ಲದೆ ಬರೆದು ತೋರಿಸಿದ. ನಿಮಗೆ ಒಂದು ತಲೆಬರಹ ಬರೆಯಲಾಗುವುದಿಲ್ಲವೇ?

ಮುಂಗಾರು ಎಂದರೆ ಮುಂ ಮತ್ತು ಕಾರು. ಹಿಂಗಾರು ಹಾಗೆಯೇ. ಮಳೆಗಾಲದ ಹೆಸರಾದ ಈ ಕಾರನ್ನೇ ಹಿಗ್ಗಿಸಿದರೆ ಆಟದ ಕಾಲಕ್ಕೆ ‘ಆಟಗಾರು’ ಎನ್ನಬಹುದು. ಬ್ಯಾಸ್ಕೆಟ್‌ಬಾಲ್‌ಗೆ ಬುಟ್ಟಿಚೆಂಡು. ಪುರುಷರ ಬದಲು ಗಂಡಸರ. ಒಟ್ಟಿಗೆ ‘ಬುಟ್ಟಿಚೆಂಡು ಗಂಡಸರ ತಂಡದ ಆಟಗಾರು’. ಎಲ್ಲೂ ತೊಡಕಿಲ್ಲ.

ವಿಜಯನಗರದಿಂದ:

ತೊಡಕಿಲ್ಲವಾ? ‘ಆಟಗಾರು’ ಅಂತ ಕಳಿಸಿದರೆ ಪ್ರೂಫ್ ನೋಡುವವರು ಒಂದು ‘ರ’ ಬಿಟ್ಟುಹೋಗಿದೆ ಅಂತ ಸೇರಿಸಿ ‘ಆಟಗಾರರು’ ಮಾಡಿಬಿಡ್ತಾರೆ. ‘ಗಂಡಸರು’ ಅನ್ನೋ ಬೋರ್ಡು ಬಸ್ ಸ್ಟ್ಯಾಂಡಿನಲ್ಲಿ ಯಾವ ಬಾಗಿಲ ಮೇಲಿರುತ್ತದೆ ಅಂತ ಎಲ್ಲರಿಗೂ ಗೊತ್ತು.

ಬುಟ್ಟಿಗೆ ಬರೋಣ. ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಈ ಆಟ ಶುರು ಮಾಡಿದಾಗ ನಿಜವಾಗಲೂ ಪೀಚ್ ಹಣ್ಣಿನ ಬುಟ್ಟಿಯನ್ನೇ ಹತ್ತು ಅಡಿ ಎತ್ತರದಲ್ಲಿ ಹೊಡೆದಿದ್ದ. ಬುಟ್ಟಿಗೆ ತಳ ಇತ್ತು. ಚೆಂಡು ಬಿದ್ದಾಗಲೆಲ್ಲ ಯಾರಾದರೂ ಹೋಗಿ ತೆಗೆಯಬೇಕಿತ್ತು. ಎತ್ತರ ಇವತ್ತಿಗೂ ಅದೇ ಹತ್ತು ಅಡಿ, ಬುಟ್ಟಿ ಹೋಗಿ ರಿಂಗು ಬಂದು ಬಹಳ ಕಾಲವಾಯಿತು. ಅಂಕಣದಲ್ಲಿ ನಿಂತವರು ಯಾರೂ ಬುಟ್ಟಿ ಅನ್ನಲ್ಲ. ‘ಬ್ಯಾಸ್ಕೆಟ್ ಹಾಕೋ’ ಅಂತಾರೆ, ‘ಡಿಫೆನ್ಸಿಗೆ ಬಾರೋ’ ಅಂತಾರೆ. ಡ್ರಿಬಲ್‌ಗೆ ಬೇಕಾದರೆ ‘ಪುಟಿಸು’ ತಗೊಳ್ಳಿ, ಅದು ಸಹಜವಾಗಿದೆ. ‘ಚೆಂಡು ಪುಟಿಸುತ್ತಾ ಮುನ್ನುಗ್ಗಿದ’ ಅಂದರೆ ಕಣ್ಣಿಗೆ ಕಟ್ಟುತ್ತದೆ.

ಇನ್ನು ಸೀಸನ್. ಇಪ್ಪತ್ತು ವರ್ಷದಿಂದ ಕಾಲೇಜು ಹುಡುಗರಿಗೆ ಆಟ ಹೇಳಿಕೊಡ್ತಾ ಇದ್ದೇನೆ. ‘ನಮ್ಮ ಸೀಸನ್’ ಅಂದ ಹುಡುಗ ಒಬ್ಬನೂ ಸಿಕ್ಕಿಲ್ಲ. ಯಾಕೆ? ನಮ್ಮಲ್ಲಿ ಆ ವಸ್ತುವೇ ಇಲ್ಲ. ಅಂತರ ಕಾಲೇಜು ಟೂರ್ನಿ ಇದೆ, ಸೋತರೆ ಮನೆಗೆ. ಚೆನ್ನಾಗಿ ಆಡಿದವರು ವಿಶ್ವವಿದ್ಯಾಲಯದ ಸೆಲೆಕ್ಷನ್ನಿಗೆ ಹೋಗ್ತಾರೆ, ಅಲ್ಲಿಂದ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿ. ಅಷ್ಟು ಹೊತ್ತಿಗೆ ಅದು ಕಾಲೇಜಿನ ತಂಡವೂ ಅಲ್ಲ. ತಿಂಗಳುಗಟ್ಟಲೆ ಒಂದೇ ತಂಡ, ವಾರಕ್ಕೆರಡು ಪಂದ್ಯ, ಇವತ್ತು ತವರಿನಲ್ಲಿ, ಶನಿವಾರ ಬೇರೆ ಊರಿನಲ್ಲಿ ಅನ್ನುವ ಏರ್ಪಾಡು ಇದ್ದಿದ್ದರೆ ಅದಕ್ಕೊಂದು ಹೆಸರು ತಾನಾಗಿ ಹುಟ್ಟುತ್ತಿತ್ತು. ಹುಡುಗರು ಹೇಳೋದು ‘ಈ ವರ್ಷ ನಮ್ಮ ಟೀಮು ಚೆನ್ನಾಗಿದೆ ಸರ್’ ಅಂತ. ವರ್ಷ. ಅಷ್ಟೇ.

ಯಲಹಂಕದಿಂದ:

ಪದ ಇದ್ದೇ ಇದೆ, ನೀವು ಪೇಟೆಯವರು ಮರೆತಿದ್ದೀರಿ. ಹಂಗಾಮು. ಮುಂಗಾರು ಹಂಗಾಮು, ಕಬ್ಬು ಅರೆಯುವ ಹಂಗಾಮು ಅಂತ ರೈತರು, ಸಕ್ಕರೆ ಕಾರ್ಖಾನೆಯವರು ದಿನಾ ಬಳಸುತ್ತಾರೆ. ಪಾರಸಿಯ ಹಂಗಾಮ್, ಅಂದರೆ ಹೊತ್ತು, ಸಮಯ. ಹಂಗಾಮಿ ಸ್ಪೀಕರ್ ಅನ್ನುವಾಗ ಇರುವುದೂ ಅದೇ, ಸದ್ಯದ ಮಟ್ಟಿಗೆ ಕೂತವರು ಅಂತ.

ಇನ್ನೊಂದು ಸ್ವಾರಸ್ಯ ನೋಡಿ. ಇಂಗ್ಲಿಶಿನ ಸೀಸನ್ ಲ್ಯಾಟಿನ್ನಿನ ‘ಬಿತ್ತನೆ’ಯಿಂದ ಫ್ರೆಂಚಿನ ಮೂಲಕ ಬಂದದ್ದು. ಸೀಡ್ ಅಂತೂ ಬೀಜವೇ. ಬಲವಾದವರು ಮೊದಲ ಸುತ್ತುಗಳಲ್ಲೇ ಪರಸ್ಪರ ಎದುರಾಗದ ಹಾಗೆ ಪಟ್ಟಿಯಲ್ಲಿ ದೂರ ದೂರ ಬಿತ್ತುವುದು. ಹೊಲದಿಂದ ಬಂದ ಮಾತಿಗೆ ಹೊಲದ ಮಾತೇ ಸರಿ. ‘ವರ್ಜೀನಿಯಾದ 2018–19ರ ಹಂಗಾಮು’.

ಹನುಮಂತನಗರದಿಂದ:

ಬೀಜದ ಮಾತು ತೆಗೆಯಬೇಡಿ ಸರ್. ಫೋನಿನ ಅನುವಾದ ತಂತ್ರಾಂಶಕ್ಕೆ ಈ ಲೇಖನ ಹಾಕಿದಾಗ ‘ಹದಿನಾರನೇ ಬೀಜವು ಮೊದಲ ಬೀಜವನ್ನು ಸೋಲಿಸಿತು’ ಅಂತ ಕೊಟ್ಟಿತು. ಕಾನ್ಫರೆನ್ಸ್ ಟೂರ್ನಿ ‘ಸಮ್ಮೇಳನ ಪಂದ್ಯಾವಳಿ’ ಆಗಿತ್ತು. ಸಾಹಿತ್ಯ ಪರಿಷತ್ತಿನ ಪಕ್ಕದ ಬೀದಿಯಲ್ಲೇ ಪ್ರೆಸ್ಸು, ಅಲ್ಲಿ ಇದನ್ನು ಅಚ್ಚು ಹಾಕಿಸಿದರೆ ಸಮ್ಮೇಳನ ಯಾವ ಊರಿನಲ್ಲಿ ಅಂತ ಕೇಳ್ತಾರೆ.

ಹಂಗಾಮು ನನಗೂ ಇಷ್ಟವಾಯಿತು. ಆದರೆ ನಮ್ಮ ಓದುಗರು ಹತ್ತೊಂಬತ್ತು ಇಪ್ಪತ್ತರ ವಯಸ್ಸಿನ ಬೆಂಗಳೂರು ಹುಡುಗರು. ಅವರೆಕಾಯಿಗೂ ಸೀಸನ್ ಅಂತಾರೆ, ಮಾವಿಗೂ ಸೀಸನ್ ಅಂತಾರೆ, ಮದುವೆಗೂ ಅಷ್ಟೇ.

ಬಸವನಗುಡಿಯಿಂದ:

ಕಾನ್ಫರೆನ್ಸ್‌ಗೆ ಒಕ್ಕೂಟ. ವರ್ಜೀನಿಯಾದ್ದು ಅಟ್ಲಾಂಟಿಕ್ ಕರಾವಳಿ ಒಕ್ಕೂಟ. ಮುಂದಿನದು.

ಮಲ್ಲೇಶ್ವರದಿಂದ:

ಸಕ್ಕದ ಬೇಡವೆಂದರೆ ಪಾರಸಿ ತಂದು ಸುರಿಯುತ್ತೀರಿ. ಬೇಡ. ಆಟಗಾರು ನಿಮಗೆ ಹಿಡಿಸದಿದ್ದರೆ ಕಣ್ಣೆದುರೇ ಇರುವ ಇನ್ನೊಂದು ಕನ್ನಡದ ಒರೆಯನ್ನು ಕೊಡುತ್ತೇನೆ. ಸಾಲು. ನೇಗಿಲ ಸಾಲು, ಮರದ ಸಾಲು. ಒಂದರ ಹಿಂದೆ ಒಂದು ಪಂದ್ಯ ಬಂದರೆ ಅದೂ ಸಾಲೇ. ಸರ್ಕಾರದವರೇ ‘2018–19ನೇ ಸಾಲಿನ’ ಎಂದು ಬರೆಯುತ್ತಾರಲ್ಲ. ಅಚ್ಚಗನ್ನಡ ಎಂದರೆ ಇದು.

ಯಲಹಂಕದಿಂದ:

ಬಾಯಿಗೆ ಸಕ್ಕರೆ ಹಾಕಬೇಕು ನಿಮಗೆ. ‘2018–19ನೇ ಸಾಲಿನ ಬಜೆಟ್’ ಅನ್ನುವಾಗಿನ ಸಾಲು ನೇಗಿಲ ಸಾಲಲ್ಲ ಸ್ವಾಮಿ. ಅದು ಪಾರಸಿಯ ಸಾಲ್, ವರ್ಷ. ಹಿಂದಿಯವರು ‘ಇಸ್ ಸಾಲ್’ ಅನ್ನುವುದೂ ಅದನ್ನೇ. ಹಳೆಯ ಕಂದಾಯದ ಕಾಗದಗಳಲ್ಲಿ ‘ಸಾಲಿಯಾನ’ ಅಂತ ಬರುತ್ತದಲ್ಲ, ವರ್ಷಕ್ಕಿಷ್ಟು ಅಂತ, ಅದೂ ಇದರ ಮನೆತನದ್ದೇ. ‘ಹಾಲಿ ಸಾಲು’ ಅಂದರೆ ಎರಡೂ ಹೊರಗಿನವು. ಕಿವಿಗೆ ಒಂದೇ ಥರ ಕೇಳಿದ್ದರಿಂದ ನಮ್ಮ ಸಾಲಿನ ಪಕ್ಕ ಬಂದು ನಿಂತಿದೆ, ಯಾರೂ ಗುರುತು ಹಿಡಿದಿಲ್ಲ.

ಜಿಲ್ಲೆ, ತಾಲ್ಲೂಕು, ಅರ್ಜಿ, ಜಮೀನು, ವಕೀಲ, ಕಾನೂನು. ಇಷ್ಟನ್ನೂ ಬಿಟ್ಟು ನಿಮ್ಮ ಸೈಟಿನ ವ್ಯಾಜ್ಯವನ್ನು ಅಂಡಯ್ಯನ ಕನ್ನಡದಲ್ಲಿ ನಡೆಸಿ, ಆಮೇಲೆ ಮಾತಾಡೋಣ.

ಮಲ್ಲೇಶ್ವರದಿಂದ:

ಜನ ಸಾಲು ಎಂದಾಗ ಸಾಲನ್ನೇ ಕಾಣುತ್ತಾರೆ. ಪಾರಸಿಯನ್ನು ಕಾಣುವವರು ನೀವೊಬ್ಬರೇ. ನನ್ನ ಸೈಟಿನ ಮಾತು ಇಲ್ಲಿ ಬೇಡ.

ವಿಜಯನಗರದಿಂದ:

ಇಬ್ಬರೂ ಜಗಳ ಆಡಿಕೊಂಡೇ ಸರಿಯಾದ ಪದಕ್ಕೆ ಬಂದು ನಿಂತಿದ್ದೀರಿ. ಸಾಲು ಚೆನ್ನಾಗಿದೆ. ಮೂಲ ಯಾವುದಾದರೂ ಇರಲಿ, ಕಾಲೇಜಿನಲ್ಲಿ ಎಲ್ಲವೂ ಸಾಲಿನ ಲೆಕ್ಕದಲ್ಲೇ ನಡೆಯೋದು. ಈ ಸಾಲಿನ ಪ್ರವೇಶ, ಈ ಸಾಲಿನ ವಿದ್ಯಾರ್ಥಿ ಸಂಘ. ಅಮೆರಿಕದವರ ಸೀಸನ್ನೂ ನವೆಂಬರಿಂದ ಏಪ್ರಿಲ್, ಒಂದೇ ಶೈಕ್ಷಣಿಕ ಸಾಲಿನೊಳಗೆ ಶುರುವಾಗಿ ಮುಗಿಯುತ್ತದೆ. ಹುಡುಗರು ‘ಈ ವರ್ಷ’ ಅನ್ನೋದಕ್ಕೂ ಹೊಂದುತ್ತದೆ. ಎರಡು ಇಸವಿ ಸೇರಿಸಿ 2018–19 ಅಂತ ಬರೆಯೋಕೆ ಇದಕ್ಕಿಂತ ರೂಢಿಯ ಮಾತು ಕನ್ನಡದಲ್ಲಿ ಇಲ್ಲ. ಒಂದೇ ಕೊರತೆ. ಸೀಸನ್ ಮುಗಿದ ಮೇಲಿನ ಬೇಸಿಗೆ ರಜೆಯೂ ಸಾಲಿನೊಳಗೇ ಬರುತ್ತದೆ. ‘ಸಾಲಿನ ಮಧ್ಯೆ ಗಾಯಗೊಂಡ’ ಅನ್ನೋವಾಗ ಸ್ವಲ್ಪ ಮಂಕಾಗುತ್ತದೆ. ಅಂಥ ಕಡೆ ಸೀಸನ್ ಅಂತಲೇ ಹಾಕಿ.

ಹನುಮಂತನಗರದಿಂದ:

ಒಪ್ಪಿದೆ. ತಲೆಬರಹಕ್ಕೆ ಸಾಲು, ಒಳಗೆ ಸೀಸನ್. ಮೇಷ್ಟ್ರಿಗೂ ಹೇಳಿದೆ, ‘ಸರ್ಕಾರಿ ಸುತ್ತೋಲೆ ಥರ ಇದೆ, ಪರವಾಗಿಲ್ಲ’ ಅಂದರು.

ಫ್ರೀ ಥ್ರೋ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಅದು ನನಗೆ ಬೇಕೇ ಬೇಕು. 2019ರ ಸೆಮಿಫೈನಲ್ಲಿನಲ್ಲಿ ಎದುರಾಳಿ ತಂಡ ಆಬರ್ನ್ ಎರಡು ಪಾಯಿಂಟ್ ಮುಂದಿದೆ. ಗಡಿಯಾರದಲ್ಲಿ ಉಳಿದಿರೋದು 0.6 ಸೆಕೆಂಡ್. ಮೂರು ಪಾಯಿಂಟಿನ ಗೆರೆಯಾಚೆಯಿಂದ ಎಸೆಯುತ್ತಿದ್ದ ವರ್ಜೀನಿಯಾದ ಕೈಲ್ ಗೈ ಮೇಲೆ ಫೌಲ್. ಮೂರು ಫ್ರೀ ಥ್ರೋ. ಮೂರೂ ಹಾಕುತ್ತಾನೆ. 63–62. ಈ ಜಾಗದಲ್ಲಿ ‘ಉಚಿತ ಎಸೆತ’ ಅಂತ ಬರೆದರೆ ಸರ್ಕಾರದ ಯಾವುದೋ ಯೋಜನೆ ಥರ ಕಾಣುತ್ತದೆ.

ಯಲಹಂಕದಿಂದ:

ಬಿಟ್ಟಿ ಎಸೆತ. ಹಹ್ಹಾ. ಬೇಡ ಬೇಡ. ಫೌಲ್ ಮಾಡಿದ್ದಕ್ಕೆ ಎದುರಾಳಿ ತೆರುವ ದಂಡ ಅದು, ಹಾಗಾಗಿ ‘ದಂಡದ ಎಸೆತ’ ಸರಿಹೋಗುತ್ತದೆ.

ವಿಜಯನಗರದಿಂದ:

‘ದಂಡ’ ಅಂದರೆ ನಮ್ಮ ಹುಡುಗರ ಬಾಯಲ್ಲಿ ಏನು ಅಂತ ಗೊತ್ತಿಲ್ಲವಾ? ‘ಅವನಾ, ದಂಡ ಕಣೋ!’ ಮೂರಕ್ಕೆ ಮೂರು ಹಾಕಿ ತಂಡವನ್ನು ಫೈನಲ್ಲಿಗೆ ಒಯ್ದವನ ಕೈಯಲ್ಲಿ ದಂಡದ ಎಸೆತ ಮಾಡಿಸ್ತೀರಾ? ಫ್ರೀ ಥ್ರೋ ಅಂತಲೇ ಬರೀರಿ. ಕಂಠೀರವದಲ್ಲಿ ಎರಡು ಸಲ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಏಷ್ಯಾ ಕಪ್ ನಡೆಯಿತು, 2017ರಲ್ಲಿ, 2019ರಲ್ಲಿ. ಗ್ಯಾಲರಿಯಲ್ಲಿ ಕೂತ ಕನ್ನಡದವರೆಲ್ಲ ‘ಫ್ರೀ ಥ್ರೋ’ ಅಂತಲೇ ಕೂಗಿದ್ದು. ಒಬ್ಬರಿಗಾದರೂ ಅರ್ಥವಾಗದೆ ಇತ್ತಾ?

ಬಸವನಗುಡಿಯಿಂದ:

ನಾನು ಮೊದಲ ಓಲೆಯಲ್ಲೇ ಹೇಳಿದ್ದೆ.

ಹನುಮಂತನಗರದಿಂದ:

ಎಲ್ಲರಿಗೂ ಥ್ಯಾಂಕ್ಸ್. ಈಗ ಪ್ರೆಸ್ಸಿನಿಂದಲೇ ಬರೆಯುತ್ತಿದ್ದೇನೆ. ತಲೆಬರಹ: ‘ವರ್ಜೀನಿಯಾ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ 2018–19ನೇ ಸಾಲು’. ಕೆಳಗೆ ಸಣ್ಣ ಅಕ್ಷರದಲ್ಲಿ ‘35 ಗೆಲುವು, 3 ಸೋಲು, ಒಂದು ಪಟ್ಟ’. ಏಪ್ರಿಲ್ 8ರ ಫೈನಲ್ಲಿಗೆ ‘ಮಿನಿಯಾಪೊಲಿಸ್‌ನಲ್ಲಿ ಹೆಚ್ಚುವರಿ ಅವಧಿಯ ನಂತರ ಟೆಕ್ಸಸ್ ಟೆಕ್ ವಿರುದ್ಧ 85–77’ ಅಂತ ಹಾಕಿದ್ದೇನೆ. ಸೀಡ್ ಎಲ್ಲ ಕಡೆ ಶ್ರೇಯಾಂಕ, ಕಾನ್ಫರೆನ್ಸ್ ಒಕ್ಕೂಟ, ಫ್ರೀ ಥ್ರೋ ಫ್ರೀ ಥ್ರೋನೇ. ಡ್ರಿಬಲ್ ಬಂದ ಕಡೆ ಪುಟಿಸಿದ್ದೇನೆ. ಕೊನೆಯ ಪುಟದಲ್ಲಿ ಜಾಗ ಇದೆ, ಪದ ಕೊಟ್ಟವರಿಗೆ ಕೃತಜ್ಞತೆ ಹೇಳೋಣ ಅಂತಿದ್ದೇನೆ. ಹೆಸರು ಹೇಗೆ ಹಾಕಲಿ ತಿಳಿಸಿ.

ಮಲ್ಲೇಶ್ವರದಿಂದ:

ಶ್ರೇಯಾಂಕವನ್ನು ಉಳಿಸಿಕೊಂಡಿದ್ದೀರಿ. ನಿಮ್ಮ ನನ್ನಿಯ ಪಟ್ಟಿಯಲ್ಲಿ ನನ್ನ ಹೆಸರು ಬೇಡ.