ಒಂದು ಗಂಟೆಯ ಬದುಕು, ಬಿಟ್ಟುಹೋದ ಮಗು: ಇಂಥ ಆಟಗಳು ನಮ್ಮನ್ನು ಬದಲಿಸುತ್ತವೆಯೇ?

ನೀಲಿಕೊಡೆ (ಪ್ರಶ್ನೆ)

ಕೆಲವು ತಿಂಗಳಿನಿಂದ ‘ಒನ್ ಅವರ್ ಒನ್ ಲೈಫ್’ ಆಡುತ್ತಿದ್ದೇನೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಜೇಸನ್ ರೋರರ್ 2018ರಲ್ಲಿ ಹೊರತಂದ ಆಟವಿದು. ಆಟಕ್ಕೆ ಇಳಿದ ಕೂಡಲೇ ನೀವು ಬೇರೊಬ್ಬ ಆಟಗಾರರ ಮಗುವಾಗಿ ಹುಟ್ಟುತ್ತೀರಿ. ಒಂದು ನಿಮಿಷಕ್ಕೆ ಒಂದು ವರ್ಷ ವಯಸ್ಸಾಗುತ್ತದೆ. ಹೆಚ್ಚೆಂದರೆ 60 ವರ್ಷ ಬದುಕಬಹುದು, ಅಂದರೆ ಒಂದು ಗಂಟೆ. ಮೊದಲ ಕೆಲವು ನಿಮಿಷ ತಾಯಿ ಎತ್ತಿಕೊಂಡು ಹಾಲೂಡಿಸದಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಆ ತಾಯಿ ಯಾರೋ, ಎಲ್ಲಿ ಕುಳಿತು ಆಡುತ್ತಿದ್ದಾರೋ ತಿಳಿಯುವುದಿಲ್ಲ. ಎಳೆಯ ಮಗುವಿಗೆ ಮಾತೂ ಬಾರದು. ಒಮ್ಮೆಗೆ ಒಂದೇ ಅಕ್ಷರ ಒತ್ತಬಹುದು, ವಯಸ್ಸು ಏರಿದಂತೆ ಮಾತು ಉದ್ದವಾಗುತ್ತದೆ.

ಮೊನ್ನೆ ನಾನು ತಾಯಿಯಾಗಿದ್ದೆ. ಬೆಳೆ ಒಣಗಿತ್ತು, ಬುಟ್ಟಿಯಲ್ಲಿ ನಾಲ್ಕಾರು ಹಣ್ಣುಗಳಷ್ಟೇ ಉಳಿದಿದ್ದವು. ಒಂದು ಮಗುವನ್ನು ಸಾಕುತ್ತಿರುವಾಗಲೇ ಇನ್ನೊಂದು ಹುಟ್ಟಿತು. ಮನಸ್ಸಿನಲ್ಲೇ ಲೆಕ್ಕ ಹಾಕಿ ಎರಡನೆಯದನ್ನು ಅಲ್ಲೇ ಬಿಟ್ಟು ನಡೆದೆ. ಅದು ‘ಎಫ್’ ಅಕ್ಷರವನ್ನು ಒತ್ತುತ್ತಲೇ ಇತ್ತು. ಹಸಿದ ಮಕ್ಕಳು ಊಟ ಕೇಳುವುದು ಹಾಗೆ. ಮೊದಲ ಮಗು ಬದುಕಿತು, ಅದರ ವಂಶ ಬೆಳೆದದ್ದನ್ನು ಆಮೇಲೆ ವಂಶವೃಕ್ಷದಲ್ಲಿ ನೋಡಿದೆ. ಆಟದ ಮಟ್ಟಿಗೆ ನನ್ನ ತೀರ್ಮಾನ ಸರಿಯಾಗಿಯೇ ಇತ್ತು. ಆದರೆ ಆ ಲೆಕ್ಕ ಅಷ್ಟು ಸಲೀಸಾಗಿ ಬಂದದ್ದು ಮಾತ್ರ ಮನಸ್ಸನ್ನು ಕೊರೆಯುತ್ತಿದೆ.

ಒಂದು ಗುಂಪಿನವರು ವಿಡಿಯೊ ಗೇಮ್‌ಗಳು ಕ್ರೌರ್ಯ ಕಲಿಸುತ್ತವೆ ಎನ್ನುತ್ತಾರೆ, ಇನ್ನೊಂದು ಗುಂಪಿನವರು ಅನುಕಂಪ ಕಲಿಸುತ್ತವೆ ಎನ್ನುತ್ತಾರೆ. ಇಬ್ಬರಲ್ಲಿ ಹೆಚ್ಚಿನವರು ಆಡಿದವರಲ್ಲ. ಆಡಿದವರು ಹೇಳಿ: ಇಂಥ ಪ್ರಯೋಗಶೀಲ ಆಟಗಳು ನಿಮ್ಮಲ್ಲಿ ಏನನ್ನಾದರೂ ಬದಲಿಸಿವೆಯೇ?

ದೋಷಶೋಧಕ

ಬಿಡುಗಡೆಗೆ ಮುಂಚೆ ಆಟಗಳನ್ನು ಆಡಿ ದೋಷ ಹುಡುಕುವುದು ನನ್ನ ಹೊಟ್ಟೆಪಾಡು. ಒಂದೇ ಗೋಡೆಗೆ ದಿನವಿಡೀ ತಲೆ ಗುದ್ದಿ, ಎಲ್ಲಿಯಾದರೂ ಗೋಡೆ ತೂರಿ ಆಚೆ ಬೀಳುತ್ತೇನೆಯೇ ಎಂದು ನೋಡುವ ಕೆಲಸ. ಆದ್ದರಿಂದ ನನ್ನ ಉತ್ತರ ಸ್ವಲ್ಪ ಒಣಕಲಾಗಿರುತ್ತದೆ, ಸಹಿಸಿಕೊಳ್ಳಿ.

ಆಟದ ವಸ್ತು ಏನು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅದರ ನಿಯಮ ಏನನ್ನು ಅಗ್ಗ ಮಾಡಿದೆ, ಏನನ್ನು ದುಬಾರಿ ಮಾಡಿದೆ ಎಂದು ಕೇಳಬೇಕು.

‘ಜರ್ನಿ’ಯ ಪ್ರಸಂಗ ನಮ್ಮ ಕಸುಬಿನವರಿಗೆ ಬಾಯಿಪಾಠ. ಜೆನೋವಾ ಚೆನ್ ಅವರ ತಂಡ 2012ರಲ್ಲಿ ಹೊರತಂದ ಆಟ ಅದು. ಮರಳುಗಾಡಿನಲ್ಲಿ ನಡೆಯುತ್ತಿರುವಾಗ ಅಪರಿಚಿತ ಆಟಗಾರರೊಬ್ಬರು ಜೊತೆಯಾಗುತ್ತಾರೆ. ಅವರ ಹೆಸರು ಕಾಣುವುದಿಲ್ಲ, ಮಾತಿಗೆ ಅವಕಾಶವಿಲ್ಲ, ಕರೆಯುವ ಒಂದು ನಾದ ಹೊರಡಿಸಬಹುದು ಅಷ್ಟೇ. ಆ ಹೆಸರಿಲ್ಲದ ಜೊತೆಗಾರರನ್ನು ನೆನೆದು ಕಣ್ಣೀರು ಹಾಕಿದವರು ಬಹಳ ಮಂದಿ. ಆದರೆ ಮೊದಲ ಕರಡಿನಲ್ಲಿ ಆಟಗಾರರು ಒಬ್ಬರನ್ನೊಬ್ಬರು ತಳ್ಳಬಹುದಿತ್ತು. ಅಡ್ಡಿ ದಾಟಲು ನೆರವಾಗಲಿ ಎಂಬುದು ಉದ್ದೇಶ. ಪರೀಕ್ಷೆಗೆ ಕುಳಿತವರು ಜೊತೆಗಾರರನ್ನು ಹಳ್ಳಕ್ಕೆ ತಳ್ಳಿ ಮಜಾ ನೋಡಿದರು. ತಂಡ ಮನುಷ್ಯರ ದುರ್ಬುದ್ಧಿಯನ್ನು ಹಳಿಯುತ್ತ ಕೂರದೆ ತಳ್ಳುವ ಸೌಲಭ್ಯವನ್ನೇ ಕಿತ್ತುಹಾಕಿತು. ಬಿಡುಗಡೆಯಾದ ಆಟದಲ್ಲಿ ಒಬ್ಬರನ್ನೊಬ್ಬರು ತಾಕಿದರೆ ಕೊರಳಿನ ವಸ್ತ್ರ ಬೆಳಗುತ್ತದೆ, ಹಾರುವ ಶಕ್ತಿ ತುಂಬುತ್ತದೆ. ಹಾಗಾಗಿ ಜನ ಅಂಟಿಕೊಂಡು ನಡೆಯುತ್ತಾರೆ. ಹಳ್ಳಕ್ಕೆ ತಳ್ಳಿದವರು ಕೆಟ್ಟವರು, ಅಂಟಿಕೊಂಡು ನಡೆದವರು ಒಳ್ಳೆಯವರು ಎಂದು ನೀವು ಹೇಳುತ್ತೀರಾ? ನಾನು ಹೇಳಲಾರೆ.

ಇನ್ನು ‘ಪೇಪರ್ಸ್, ಪ್ಲೀಸ್’. ಲ್ಯೂಕಾಸ್ ಪೋಪ್ 2013ರಲ್ಲಿ ತಂದದ್ದು. ಅರ್‌ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶದ ಗಡಿಯಲ್ಲಿ ನೀವು ಕಾಗದಪತ್ರ ನೋಡುವ ಅಧಿಕಾರಿ. ಎಷ್ಟು ಜನರನ್ನು ಸರಿಯಾಗಿ ವಿಲೇವಾರಿ ಮಾಡಿದಿರೋ ಅಷ್ಟು ಸಂಬಳ. ಅದರಲ್ಲೇ ಮನೆಯವರ ಊಟ, ಔಷಧ, ಚಳಿ ಕಾಯಿಸುವ ಖರ್ಚು ತೂಗಬೇಕು. ಒಂದು ದಿನ ಗಂಡನೊಬ್ಬನ ಕಾಗದಗಳೆಲ್ಲ ಸರಿಯಾಗಿರುತ್ತವೆ. ಹಿಂದೆಯೇ ಹೆಂಡತಿ ಬರುತ್ತಾಳೆ, ಅವಳ ಬಳಿ ಪ್ರವೇಶ ಪತ್ರವಿಲ್ಲ. ಇಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ನಿಯಮ ಇನ್ನೊಂದಿದೆ: ದಿನಕ್ಕೆ ಮೊದಲ ಎರಡು ತಪ್ಪಿಗೆ ಎಚ್ಚರಿಕೆ ಚೀಟಿ ಮಾತ್ರ, ಮೂರನೆಯದರಿಂದ ದಂಡ. ಸ್ವಲ್ಪ ಆಡಿದ ಮೇಲೆ ಆಟಗಾರರು ಆ ಎರಡು ತಪ್ಪುಗಳನ್ನು ಕರುಣೆಗೆಂದು ಉಳಿಸಿಕೊಳ್ಳತೊಡಗುತ್ತಾರೆ. ನಾನೂ ಉಳಿಸಿಕೊಂಡೆ. ಬೆಳಿಗ್ಗೆಯೇ ಒಂದು ಚೀಟಿ ಕೈತಪ್ಪಿನಿಂದ ಹೋದರೆ, ಸಂಜೆ ಬರುವ ದುರದೃಷ್ಟವಂತರ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಅಷ್ಟು ಸಣ್ಣ ನಿಯಮ ನನ್ನೊಳಗೆ ಒಬ್ಬ ಗುಮಾಸ್ತನನ್ನು ಕೂರಿಸಿತ್ತು. ಅದಾದ ಮೇಲೆ ಯಾವುದೇ ಕಿಟಕಿಯ ಆಚೆ ಕುಳಿತು ‘ಆಗುವುದಿಲ್ಲ’ ಎನ್ನುವವರನ್ನು ಕಂಡಾಗ, ಅವರ ಇವತ್ತಿನ ಚೀಟಿಗಳು ಮುಗಿದಿರಬಹುದೇ ಎಂಬ ಯೋಚನೆ ಬರುತ್ತದೆ. ಇದನ್ನು ಬದಲಾವಣೆ ಎನ್ನುವುದಾದರೆ ಎನ್ನಿ.

ನಿಮ್ಮ ಲೆಕ್ಕದಲ್ಲಿ ಅರ್ಧ ರೋರರ್ ಅವರದು. ಎಷ್ಟು ಹಸಿವಾಗಿದೆ ಎಂದು ಪರದೆಯ ಮೇಲೆ ತೋರಿಸುವ ಪಟ್ಟಿಯನ್ನು ಅಷ್ಟು ಗಿಡ್ಡ ಮಾಡಿದವರು ಅವರೇ. ‘ಅನುಕಂಪದ ಆಟ’ ಎಂದು ಪೆಟ್ಟಿಗೆಯ ಮೇಲೆ ಅಂಟಿಸಿ ಮಾರುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಂಥ ಆಟಗಳಲ್ಲಿ ಅಳುವ ಗುಂಡಿ ಒಂದೇ ಇರುತ್ತದೆ, ಅದನ್ನು ಒತ್ತಿ ಬರಬೇಕು.

ಅಳತೆಗೋಲು

ಮೇಲಿನವರು ಹೇಳಿದ್ದರಲ್ಲಿ ಹೆಚ್ಚಿನದು ಆಟದೊಳಗಿನ ವರ್ತನೆ. ಪ್ರಶ್ನೆ ಇದ್ದದ್ದು ಹೊರಗೆ ಬಂದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ.

ಹೊರಗೆ ಸ್ವಲ್ಪ ದೂರ ಬರುತ್ತದೆ ಎನ್ನಲು ಆಧಾರವಿದೆ. ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಎತ್ತರದ, ಕೆಲವರಿಗೆ ಗಿಡ್ಡ ಡಿಜಿಟಲ್ ದೇಹ ಕೊಟ್ಟು ಹಣ ಹಂಚಿಕೊಳ್ಳುವ ಚೌಕಾಸಿಗೆ ಕೂರಿಸಿದ್ದರು. ಎತ್ತರದ ದೇಹ ಸಿಕ್ಕವರು ಬಿಗಿಯಾಗಿ ಚೌಕಾಸಿ ಮಾಡಿದರು, ಗಿಡ್ಡ ದೇಹದವರು ಅನ್ಯಾಯದ ಪಾಲಿಗೂ ಹೆಚ್ಚಾಗಿ ಒಪ್ಪಿದರು. ಅವರೇ ಮುಂದೆ ನಡೆಸಿದ ಪ್ರಯೋಗದಲ್ಲಿ, ಪರದೆ ಬಿಟ್ಟು ಎದುರುಬದುರು ಕುಳಿತ ಮೇಲೂ ಅದರ ನೆರಳು ಕಂಡಿತು. ಆದರೆ ಅದು ಪರದೆ ಬಿಟ್ಟು ಎದ್ದ ಕೂಡಲೇ ಅಳೆದದ್ದು. ವರ್ಷಗಳ ಮಾತಲ್ಲ.

ದೊಡ್ಡ ಪ್ರಮಾಣದಲ್ಲಿ ನೋಡಿದರೆ ಇನ್ನೂ ತಣ್ಣಗಾಗುತ್ತದೆ. ಆಕ್ಸ್‌ಫರ್ಡ್ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಳು ಆಟಗಳ ಸುಮಾರು 39,000 ಆಟಗಾರರಿದ್ದರು. ಎಷ್ಟು ಹೊತ್ತು ಆಡಿದಿರಿ ಎಂದು ಅವರನ್ನೇ ಕೇಳುವ ಬದಲು ಆಟದ ಕಂಪನಿಗಳ ದಾಖಲೆಯನ್ನೇ ತೆಗೆದುಕೊಂಡಿದ್ದರು. ಈ ಕ್ಷೇತ್ರದಲ್ಲಿ ಅದು ಅಪರೂಪ. ಆಡಿದ ಸಮಯಕ್ಕೂ ಮನಸ್ಸಿನ ಯೋಗಕ್ಷೇಮಕ್ಕೂ ಕಾರಣ–ಪರಿಣಾಮದ ಸಂಬಂಧ ಇಲ್ಲವೆನ್ನುವಷ್ಟು ಕಡಿಮೆ ಕಂಡಿತು. ಇಷ್ಟಪಟ್ಟು ಆಡುತ್ತೀರೋ, ಆಡಲೇಬೇಕು ಎಂಬ ಒತ್ತಡದಿಂದ ಆಡುತ್ತೀರೋ ಎಂಬುದು ಗಂಟೆಗಳಿಗಿಂತ ಮುಖ್ಯವಾಗಿ ತೋರಿತು.

ನೀಲಿಕೊಡೆಯವರೇ, ಒಂದು ಮಗುವನ್ನು ಬಿಟ್ಟುಹೋದದ್ದಕ್ಕೆ ನಿಮ್ಮ ಸ್ವಭಾವದ ಮೇಲೆ ವಿಚಾರಣೆ ಹೂಡಬೇಡಿ.

ಹಸುವಿಲ್ಲದ ಹುಲ್ಲುಗಾವಲು

‘ಒತ್ತಡದಿಂದ ಆಡುವುದು’ ಎಂದಿರಲ್ಲ, ಅದಕ್ಕೆ ‘ಕೌ ಕ್ಲಿಕರ್’ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಫೇಸ್‌ಬುಕ್‌ನಲ್ಲಿ ‘ಫಾರ್ಮ್‌ವಿಲ್’ ಎಂಬ ಬೇಸಾಯದ ಆಟದ ಹುಚ್ಚು ಏರಿದ್ದಾಗ, ಆಟಗಳ ಬಗ್ಗೆ ಬರೆಯುವ ಪ್ರಾಧ್ಯಾಪಕ ಇಯಾನ್ ಬೊಗೊಸ್ಟ್ 2010ರಲ್ಲಿ ಅಂಥ ಆಟಗಳನ್ನು ಗೇಲಿ ಮಾಡಲೆಂದೇ ಇದನ್ನು ಮಾಡಿದರು. ಒಂದು ಹಸುವಿನ ಚಿತ್ರ. ಆರು ಗಂಟೆಗೊಮ್ಮೆ ಅದನ್ನು ಒತ್ತಬಹುದಿತ್ತು. ಸ್ನೇಹಿತರ ಹಸುಗಳನ್ನು ನಿಮ್ಮ ಹುಲ್ಲುಗಾವಲಿಗೆ ಕರೆತಂದರೆ ಅಂಕ ಹೆಚ್ಚು. ಕಾಯಲಾರದವರು ದುಡ್ಡು ಕೊಡಬಹುದಿತ್ತು.

ಗೇಲಿಯೆಂದು ಗೊತ್ತಿದ್ದವರೂ ಗೊತ್ತಿಲ್ಲದವರೂ ಸಾವಿರಗಟ್ಟಲೆ ಬಂದು ಒತ್ತಿದರು. 2011ರಲ್ಲಿ ಬೊಗೊಸ್ಟ್ ಹಸುಗಳನ್ನೆಲ್ಲ ಮಾಯ ಮಾಡಿದರು. ಆಮೇಲೂ ಕೆಲವರು ಬಂದು, ಹಸು ನಿಂತಿದ್ದ ಖಾಲಿ ನೆಲವನ್ನು ಒತ್ತುತ್ತಿದ್ದರು.

ನೀವೆಲ್ಲ ಗಡಿ, ತಾಯ್ತನ ಎಂದು ಮಾತಾಡುತ್ತಿದ್ದೀರಿ. ನನ್ನ ಮೇಲೆ ನಿಜವಾಗಿ ಪರಿಣಾಮ ಮಾಡಿದ್ದು ಆ ಜಾತಿಯ ಆಟಗಳ ಗಡಿಯಾರ. ಬೆಳೆ ಒಣಗುತ್ತದೆ ಎಂದು ಊಟದ ನಡುವೆ ಎದ್ದು ಹೋಗುತ್ತಿದ್ದೆ. ಆ ಬೆಳೆಯ ಬಗ್ಗೆ ನನಗೆ ಪ್ರೀತಿಯೇನೂ ಇರಲಿಲ್ಲ.

ನೀಲಿಕೊಡೆ

ಮೂವರಿಗೂ ವಂದನೆ. ದೋಷಶೋಧಕರ ಅಳತೆಯಿಂದಲೇ ಇನ್ನೊಂದು ವಿಷಯ ಕೇಳುತ್ತೇನೆ. ಅಲ್ಲಿ ಮಗುವನ್ನು ಬಿಟ್ಟುಹೋಗುವ ಅನೇಕ ತಾಯಂದಿರು ಒಂದು ಕ್ಷಣ ನಿಂತು ‘ಕ್ಷಮಿಸು, ಊಟವಿಲ್ಲ’ ಎಂದು ಬರೆದು ಹೋಗುತ್ತಾರೆ. ಇನ್ನು ಕೆಲವರು ಸಾಯುವುದು ಖಚಿತವಾದ ಮಗುವಿಗೂ ಒಂದು ಹೆಸರಿಟ್ಟು ಹೋಗುತ್ತಾರೆ. ಅದು ವಂಶವೃಕ್ಷದಲ್ಲಿ ಉಳಿಯುತ್ತದೆ. ಇದರಿಂದ ಆಟದಲ್ಲಿ ಯಾವ ಲಾಭವೂ ಇಲ್ಲ, ಹೊಲದ ಕೆಲಸದ ಸಮಯ ಹೋಗುತ್ತದೆ ಅಷ್ಟೇ. ಇದನ್ನು ಯಾವ ನಿಯಮ ಮಾಡಿಸುತ್ತಿದೆ?

ದೋಷಶೋಧಕ

ಯಾವುದೂ ಇಲ್ಲ. ತಾಯಿಗೆ ಹೆಸರಿಡುವ ಅವಕಾಶ ಇದೆ, ಇಡದಿದ್ದರೆ ನಷ್ಟವಿಲ್ಲ. ನನ್ನ ವರದಿಯಲ್ಲಿ ಇಂಥದ್ದಕ್ಕೆ ಅಂಕಣವೇ ಇರುವುದಿಲ್ಲ: ಫಲವೂ ಇಲ್ಲದ, ಶಿಕ್ಷೆಯೂ ಇಲ್ಲದ, ಆದರೂ ಜನ ಮಾಡುವ ಕೆಲಸ. ಆಟಗಾರರ ಬಗ್ಗೆ ಏನಾದರೂ ತಿಳಿಯಬೇಕಿದ್ದರೆ ನಾನು ಅದನ್ನೇ ನೋಡುತ್ತೇನೆ, ಅಳತೆಗೋಲು ಅವರು ಒಪ್ಪಲಿ ಬಿಡಲಿ. ಅಂದಹಾಗೆ, ನೀವು ಬಿಟ್ಟುಬಂದ ಆಟಗಾರರು ಬೇಕೆಂದಿದ್ದರೆ ಮರುನಿಮಿಷವೇ ಬೇರೆ ಯಾರಿಗೋ ಹುಟ್ಟಿ ‘ಎಫ್’ ಒತ್ತುತ್ತಿದ್ದರು.

ಅಳತೆಗೋಲು

ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಹೆಸರಿಟ್ಟವರು ಇಡದವರಿಗಿಂತ ಹೊರಗೆ ಒಳ್ಳೆಯವರು ಎಂದು ಮಾತ್ರ ನಾಳೆ ಯಾರೂ ಬರೆಯಬಾರದು.